ಉಳಿದ 166 ಗಂಟೆ

ಅಕೌಂಟೆನ್ಸಿ ಓದುವವಳು ಮಾತಿನ ಚಿಕಿತ್ಸೆ ಬಗ್ಗೆ ಯಾಕೆ ಬರೆಯುತ್ತಿದ್ದಾಳೆ ಎಂದು ನೀವು ಕೇಳಬಹುದು. ಕಳೆದ ವರ್ಷದವರೆಗೆ ಹೀಗೊಂದು ಚಿಕಿತ್ಸೆ ಇದೆ ಎಂದೇ ನನಗೆ ಗೊತ್ತಿರಲಿಲ್ಲ. ನಮ್ಮ ದಾದಾಗೆ ಪಾರ್ಶ್ವವಾಯು ಆದ ಮೇಲೆ ಗೊತ್ತಾಯಿತು.

ದಾದಾ ನಲವತ್ತು ವರ್ಷ ಕಿರಾಣಿ ಅಂಗಡಿ ನಡೆಸಿದವರು. ಗಿರಾಕಿಗಳ ಜೊತೆ ಕನ್ನಡ, ಮನೆಯಲ್ಲಿ ಉರ್ದು. ಒಂದು ಬೆಳಿಗ್ಗೆ ಅವರ ಬಲಗೈ, ಬಲಗಾಲು ಸ್ವಾಧೀನ ತಪ್ಪಿದವು. ಮಾತೂ ನಿಂತಿತು. ಆಸ್ಪತ್ರೆಯಿಂದ ಮನೆಗೆ ಬಂದ ಮೇಲೆ ಕನ್ನಡಕ ಬೇಕಿದ್ದರೆ "ಚಾವಿ" ಅನ್ನುತ್ತಿದ್ದರು. ಹೌದು ಎನ್ನಬೇಕಾದ ಕಡೆ ಇಲ್ಲ ಎನ್ನುತ್ತಿದ್ದರು. ನೋಡಲು ಬಂದ ನೆಂಟರು ಅವರ ಎದುರಿಗೇ "ಪಾಪ, ದಿಮಾಗ್ ಹೋಗಿದೆ" ಎಂದರು. ಕೆಲವರು ಕಿವುಡರ ಜೊತೆ ಮಾತಾಡುವಂತೆ ಕೂಗಿ ಮಾತಾಡಿದರು. ವಿಚಿತ್ರವೆಂದರೆ, ನಮಾಜಿನಲ್ಲಿ ಸೂರಾ ಫಾತಿಹಾ ಪೂರ್ತಿ ಓದುತ್ತಿದ್ದರು. ನಮಾಜ್ ಮುಗಿದ ಮೇಲೆ ಒಂದು ಲೋಟ ನೀರು ಕೇಳಲು ಆಗುತ್ತಿರಲಿಲ್ಲ. "ಬೇಕಂತಲೇ ಹಟ ಮಾಡ್ತಾರೆ" ಎಂದು ನಮ್ಮ ಮನೆಯಲ್ಲೇ ಮಾತು ಬಂತು.

ಡಾಕ್ಟರು ನಮ್ಮನ್ನು ಸ್ಪೀಚ್ ಥೆರಪಿಸ್ಟ್ ಹತ್ತಿರ ಕಳಿಸಿದರು. ಆ ಮೇಡಂ ದಾದಾ ಮುಂದೆ ಬೀಗದ ಕೈ, ಪೆನ್ನು, ಕನ್ನಡಕ ಇಟ್ಟು ಒಂದೊಂದರ ಹೆಸರು ಹೇಳಿದರು. ದಾದಾ ಎಲ್ಲವನ್ನೂ ಸರಿಯಾಗಿ ಮುಟ್ಟಿ ತೋರಿಸಿದರು. ಆಗ ಮೇಡಂ ನಮಗೆ ಅರ್ಥಮಾಡಿಸಿದರು: ಇದಕ್ಕೆ ಅಫೇಸಿಯಾ ಎನ್ನುತ್ತಾರೆ. ಮೆದುಳಿನಲ್ಲಿ ಭಾಷೆಯನ್ನು ನೋಡಿಕೊಳ್ಳುವ ಭಾಗಕ್ಕೆ, ಹೆಚ್ಚಿನವರಲ್ಲಿ ಎಡಗಡೆಗೆ, ಪೆಟ್ಟು ಬಿದ್ದರೆ ಪದ ಸಿಗುವುದಿಲ್ಲ. ಬುದ್ಧಿ, ನೆನಪು, ಪ್ರೀತಿ ಎಲ್ಲಾ ಒಳಗೇ ಇರುತ್ತದೆ. ಬಾಯಿಪಾಠ ಆಗಿರುವ ಪ್ರಾರ್ಥನೆ, ಹಾಡು, ಒಂದು ಎರಡು ಎಣಿಕೆ ಸುಲಭವಾಗಿ ಬರಬಹುದು. ಹೊಸದಾಗಿ ವಾಕ್ಯ ಕಟ್ಟುವುದೇ ಕಷ್ಟ. ಹಟ ಮಾಡುತ್ತಿದ್ದಾರೆ ಎಂದುಕೊಂಡಿದ್ದ ನಾವೆಲ್ಲ ತಲೆ ತಗ್ಗಿಸಿದೆವು.

"ಮನೆಯಲ್ಲಿ ಯಾವ ಭಾಷೆ?" ಎಂದು ಮೇಡಂ ಕೇಳಿದರು. ಅಬ್ಬಾ ಸಂಕೋಚದಿಂದ "ಕನ್ನಡ ಚೆನ್ನಾಗಿ ಬರುತ್ತೆ ಮೇಡಂ" ಎಂದರು.

"ಅದಲ್ಲ, ಮನೆಯಲ್ಲಿ ನೀರು ಬೇಕಾದರೆ ಏನಂತ ಕೇಳ್ತಿದ್ದರು?"

"ಪಾನಿ."

"ಹಾಗಾದರೆ ಪಾನಿಯಿಂದಲೇ ಶುರು ಮಾಡೋಣ."

ಅವರಿಗೆ ಉರ್ದು ಬರುತ್ತಿರಲಿಲ್ಲ. ನಾನು ಮನೆಯಲ್ಲಿ ದಿನಾ ಆಡುವ ಮಾತುಗಳನ್ನು ಕನ್ನಡ ಅಕ್ಷರದಲ್ಲಿ ಬರೆದುಕೊಟ್ಟೆ. ಪಾನಿ, ಚಾ, ದವಾ, ಚಶ್ಮಾ. ಅಂಗಡಿಯ ಹಳೇ ಖಾತೆ ಪುಸ್ತಕದ ಖಾಲಿ ಹಾಳೆಗಳಲ್ಲಿ ಚಿತ್ರ ಅಂಟಿಸಿ ಅವರಿಗೊಂದು ಪುಸ್ತಕ ಮಾಡಿದೆ. ಮಾತು ಬರದಿದ್ದಾಗ ದಾದಾ ಅದರಲ್ಲಿ ಬೆರಳಿಟ್ಟು ತೋರಿಸುತ್ತಾರೆ.

ಈಗ ಲೆಕ್ಕಕ್ಕೆ ಬರುತ್ತೇನೆ. ದಾದಾಗೆ ಥೆರಪಿ ವಾರಕ್ಕೆ ಎರಡು ಸಲ, ಒಂದೊಂದು ಗಂಟೆ. ವಾರದಲ್ಲಿ ಇರುವುದು 168 ಗಂಟೆ. ಎರಡು ಗಂಟೆ ಮೇಡಂ ಕೆಲಸ, ಉಳಿದ 166 ಗಂಟೆ ನಮ್ಮದು. ಥೆರಪಿಸ್ಟ್ ದಾರಿ ತೋರಿಸುತ್ತಾರೆ. ಆದರೆ ಆ 166 ಗಂಟೆಯಲ್ಲಿ ನಾವು ನಗುತ್ತಿದ್ದರೆ, ಅವಸರ ಮಾಡುತ್ತಿದ್ದರೆ, ಅವರ ಬದಲು ನಾವೇ ಉತ್ತರ ಕೊಡುತ್ತಿದ್ದರೆ ಆ ಎರಡು ಗಂಟೆಯೂ ನಷ್ಟದ ಬಾಬ್ತಿಗೆ ಹೋಗುತ್ತದೆ. ಇದೇ ನನ್ನ ಅಭಿಪ್ರಾಯ, ಇದನ್ನು ಹೇಳಲೆಂದೇ ಈ ಲೇಖನ.

ಇದು ಪಾರ್ಶ್ವವಾಯು ಆದವರಿಗೆ ಮಾತ್ರ ಸಂಬಂಧಿಸಿದ್ದಲ್ಲ. ಮಾತು ತಡವಾದ ಮಕ್ಕಳು, ಕಿವಿ ಸರಿಯಾಗಿ ಕೇಳಿಸದ ಮಕ್ಕಳು, ಆಟಿಸಂ ಇರುವವರು, ಸೀಳುತುಟಿ ಸೀಳಂಗುಳದ ಆಪರೇಷನ್ ಆದವರು, ತೊದಲುವವರು, ನುಂಗಲು ತೊಂದರೆ ಇರುವವರು, ಎಲ್ಲರಿಗೂ ಇವರು ನೆರವಾಗುತ್ತಾರೆ. ದಿನವಿಡೀ ಪಾಠ ಮಾಡಿ ಗಂಟಲು ಕಟ್ಟುವ ನಮ್ಮ ಅಧ್ಯಾಪಕರಿಗೂ ಇವರ ಸಲಹೆ ಉಪಯೋಗಕ್ಕೆ ಬರುತ್ತದೆ.

ಮಗುವಿಗೆ ಮಾತು ಬರದಿದ್ದರೆ ನಮ್ಮ ಕಡೆ ಜೇನು ನೆಕ್ಕಿಸುತ್ತಾರೆ, ಬಜೆ ತೇಯ್ದು ಹಚ್ಚುತ್ತಾರೆ, ದಮ್ ಮಾಡಿದ ನೀರು ಕುಡಿಸುತ್ತಾರೆ. "ಇವರಪ್ಪನೂ ತಡವಾಗಿಯೇ ಮಾತಾಡಿದ್ದು" ಎಂದು ಸಮಾಧಾನ ಹೇಳುತ್ತಾರೆ. ದುವಾ ಖಂಡಿತ ಮಾಡೋಣ. ಆದರೆ ಮೊದಲು ಮಗುವಿನ ಕಿವಿ ಪರೀಕ್ಷೆ ಮಾಡಿಸೋಣ, ಥೆರಪಿಸ್ಟಿಗೆ ತೋರಿಸೋಣ. ಬೇಗ ತೋರಿಸಿದಷ್ಟೂ ಒಳ್ಳೆಯದು. "ಮನೆಯಲ್ಲಿ ಉರ್ದು, ಹೊರಗೆ ಕನ್ನಡ, ಅದಕ್ಕೇ ಮಾತು ತಡ" ಎಂದು ಹೇಳುವವರ ಮಾತನ್ನು ನಂಬಬೇಡಿ. ಎರಡು ಭಾಷೆ ಕೇಳಿ ಬೆಳೆದರೆ ಮಾತಿನ ತೊಂದರೆ ಹುಟ್ಟುವುದಿಲ್ಲ.

ಪರೀಕ್ಷೆಗೆ ಮೊದಲು ನಾವೆಲ್ಲ ಓದುವ ಪ್ರವಾದಿ ಮೂಸಾ (ಅ) ಅವರ ದುವಾ ನೆನಪಿಸಿಕೊಳ್ಳಿ. ತಮ್ಮ ನಾಲಿಗೆಯ ಗಂಟು ಬಿಡಿಸೆಂದು ಅವರು ಅಲ್ಲಾಹನಲ್ಲಿ ಬೇಡಿದರು. ಅಷ್ಟಕ್ಕೇ ನಿಲ್ಲಿಸದೆ, ಸಹೋದರ ಹಾರೂನರನ್ನು ಸಹಾಯಕ್ಕೆ ಜೊತೆ ಮಾಡು ಎಂದೂ ಕೇಳಿದರು. ನಾಲಿಗೆಯ ಗಂಟು ನಾಚಿಕೆಯ ವಿಷಯವಾಗಿದ್ದರೆ ಪ್ರವಾದಿಯೊಬ್ಬರು ಅದನ್ನು ಬಾಯಿಬಿಟ್ಟು ಹೇಳುತ್ತಿದ್ದರೇ?

ಆದರೆ ನಾವು ನಗುತ್ತೇವೆ. ನಾನೂ ನಕ್ಕಿದ್ದೇನೆ. ಹೈಸ್ಕೂಲಿನಲ್ಲಿ ನಮ್ಮ ಕ್ಲಾಸಿನ ಒಬ್ಬ ಹುಡುಗನಿಗೆ ಹಾಜರಿ ಕೂಗುವಾಗ "ಪ್ರೆಸೆಂಟ್" ಎನ್ನಲು ಬರುತ್ತಿರಲಿಲ್ಲ. "ಪ" ಅಕ್ಷರದಲ್ಲೇ ಸಿಕ್ಕಿಹಾಕಿಕೊಳ್ಳುತ್ತಿದ್ದ. ನಾವು ನಗುತ್ತಿದ್ದೆವು. ಆಮೇಲೆ ಅವನು ಬಾಯಿ ತೆರೆಯುವುದನ್ನೇ ಬಿಟ್ಟ. ಎದುರಿಗೆ ಕೂತಿದ್ದರೂ ಎಷ್ಟೋ ದಿನ ಆಬ್ಸೆಂಟ್ ಬಿತ್ತು. ಅವನಲ್ಲಿ ನಾನು ಇನ್ನೂ ಕ್ಷಮೆ ಕೇಳಿಲ್ಲ. ಈ ಬರಹ ಅವನ ಕೈಗೆ ಸಿಕ್ಕರೆ, ಇದೇ ಆ ಕ್ಷಮೆ.

ಹಾಗಾಗಿ ನನ್ನ ಮೂರು ವಿನಂತಿ. ಗೆಳೆಯರೇ, ಯಾರಾದರೂ ಮಾತಿಗೆ ತಡಕಾಡುತ್ತಿದ್ದರೆ ಅವರ ವಾಕ್ಯವನ್ನು ನೀವು ಮುಗಿಸಬೇಡಿ; ಮನಸ್ಸಿನಲ್ಲೇ ಹತ್ತರವರೆಗೆ ಎಣಿಸಿ, ಕಾಯಿರಿ. ಅಧ್ಯಾಪಕರೇ, ಹಾಜರಿಗೆ ಕೈ ಎತ್ತಿದರೂ ಸಾಕು ಎನ್ನಿ. ಸೆಮಿನಾರಿನಲ್ಲಿ ತೊದಲುವವರಿಗೆ ಎರಡು ನಿಮಿಷ ಹೆಚ್ಚು ಕೊಡಿ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 21 ವಿಧಗಳಲ್ಲಿ ಮಾತು ಮತ್ತು ಭಾಷೆಯ ತೊಂದರೆಯೂ ಇದೆ ಎಂಬುದು ನಮ್ಮಲ್ಲಿ ಹೆಚ್ಚು ಜನರಿಗೆ ಗೊತ್ತಿಲ್ಲ.

ಮೂರನೆಯದು ಸೈನ್ಸ್ ವಿಭಾಗದವರಿಗೆ. ಎಂಬಿಬಿಎಸ್, ಇಂಜಿನಿಯರಿಂಗ್ ಎರಡೇ ದಾರಿಯಲ್ಲ. ಬಿಎಎಸ್‌ಎಲ್‌ಪಿ ಎಂಬ ನಾಲ್ಕು ವರ್ಷದ ಪದವಿ ಇದೆ, ಕೊನೆಯ ವರ್ಷ ಇಂಟರ್ನ್‌ಶಿಪ್. 1965ರಲ್ಲಿ ಶುರುವಾದ, ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಈ ವಿಷಯದಲ್ಲಿ ದೇಶದಲ್ಲೇ ಹೆಸರಾದದ್ದು, ನಮ್ಮ ರಾಜ್ಯದಲ್ಲೇ ಇದೆ. ಮನೆಯಲ್ಲಿ ಉರ್ದು, ಬ್ಯಾರಿ, ಕೊಂಕಣಿ, ತುಳು ಆಡುವ ನಿಮ್ಮಂಥವರು ಈ ಕೆಲಸಕ್ಕೆ ಬೇಕು. ಯಾರೋ ಒಬ್ಬರ ದಾದಾಗೆ "ಪಾನಿ" ಎಂದು ಹೇಳಿಕೊಡಲು ಆಗ ಚೀಟಿ ಬರೆದುಕೊಡುವವರು ಬೇಕಾಗುವುದಿಲ್ಲ.

ದಾದಾ ಪೂರ್ತಿ ಗುಣವಾಗಿಲ್ಲ. ಮೊನ್ನೆ ನಾನು ಬ್ಯಾಲೆನ್ಸ್ ಶೀಟ್ ಮಾಡುತ್ತಾ ಕೂತಿದ್ದಾಗ ಪಕ್ಕ ಬಂದು ಕೂತರು. ಏನೋ ಹೇಳಲು ಬಾಯಿ ತೆರೆದರು. ನಾನು ಪೆನ್ನು ಕೆಳಗಿಟ್ಟು ಕಾದೆ. ಹತ್ತಕ್ಕಿಂತ ಎಷ್ಟೋ ಹೆಚ್ಚು ಎಣಿಸಿದ ಮೇಲೆ ಬಂತು: "ಹಿಸಾಬ್... ಬರಾಬರ್?"

ಬರಾಬರ್ ಆಗಿರಲಿಲ್ಲ. ಇಬ್ಬರೂ ಸೇರಿ ತಪ್ಪು ಹುಡುಕಿದೆವು.

– ದ್ವಿತೀಯ ಪಿಯುಸಿ, ವಾಣಿಜ್ಯ ವಿಭಾಗ