ಅಗ್ಗದ ಡಾಕ್ಟರಿಕೆಯ ಪೂರ್ತಿ ಲೆಕ್ಕ

ನೀಟ್ ಪರೀಕ್ಷೆಯ ಫಲಿತಾಂಶ ಬಂತೆಂದರೆ ನಮ್ಮ ಜಿಲ್ಲಾ ಊರುಗಳಿಗೆ ಒಂದು ಬಗೆಯ ವ್ಯಾಪಾರಿಗಳು ಬಂದಿಳಿಯುತ್ತಾರೆ. ಅವರ ಮಾಲು ಡಾಕ್ಟರ್ ಪದವಿ. ಹೋಟೆಲಿನಲ್ಲಿ ಸಭೆ, ಬಣ್ಣದ ಪುಸ್ತಿಕೆ, ಚಹಾ ಬಿಸ್ಕತ್ತು. ರಷ್ಯ, ಕಜಕಸ್ತಾನ, ಕಿರ್ಗಿಜ್‌ಸ್ತಾನ, ಜಾರ್ಜಿಯ, ಫಿಲಿಪೈನ್ಸ್, ಎಲ್ಲಿ ಬೇಕೋ ಅಲ್ಲಿ ಸೀಟು. 25-30 ಲಕ್ಷದಲ್ಲಿ ನಿಮ್ಮ ಮಗ ಡಾಕ್ಟರಾಗಿ ಬರುತ್ತಾನೆ ಎಂಬ ಭರವಸೆ. ಈ ಸಭೆಗಳಲ್ಲಿ ಕೂರುವವರು ಶ್ರೀಮಂತರಲ್ಲ. ಮಿಲ್ಲಿನಿಂದ ನಿವೃತ್ತಿಯ ಅಂಚಿಗೆ ಬಂದವರು, ಕಿರಾಣಿ ಅಂಗಡಿಯವರು, ಜವಳಿ ಚಿಲ್ಲರೆ ವ್ಯಾಪಾರಿಗಳು. ಅವರ ಕೈಯಲ್ಲಿರುವುದು ಪ್ರಾವಿಡೆಂಟ್ ಫಂಡಿನ ಹಣ, ಒಂದು ನಿವೇಶನ, ಹೆಂಡತಿಯ ಮೈಮೇಲಿನ ಬಂಗಾರ.

ಇದು ಮನೆಯೊಳಗಿನ ವಿಚಾರ, ಪಕ್ಷದ ಪತ್ರಿಕೆಗೇನು ಕೆಲಸ ಎಂದು ಕೇಳುವವರಿದ್ದಾರೆ. ಇಪ್ಪತ್ತೈದು ವರ್ಷದ ದುಡಿಮೆಯ ಉಳಿತಾಯ ಒಂದೇ ಸಹಿಯಲ್ಲಿ ಕೈಬಿಡುವ ಪ್ರಶ್ನೆ ಕಾರ್ಮಿಕನ ಪ್ರಶ್ನೆಯೇ ಎಂಬುದು ನಮ್ಮ ಉತ್ತರ.

ಮೊದಲು ಒಂದು ಮಾತು ಸ್ಪಷ್ಟವಾಗಲಿ. ಈ ದಾರಿ ಹಿಡಿದ ಕುಟುಂಬಗಳನ್ನು ಮೂರ್ಖರೆಂದು ಹಳಿಯುವವರ ಜೊತೆ ನಾವಿಲ್ಲ. 2024ರಲ್ಲಿ ನೀಟ್ ಬರೆದವರು 23 ಲಕ್ಷಕ್ಕೂ ಹೆಚ್ಚು. ಅರ್ಹರೆನಿಸಿಕೊಂಡವರು 13 ಲಕ್ಷಕ್ಕೂ ಹೆಚ್ಚು. ದೇಶದಲ್ಲಿದ್ದ ಎಂ.ಬಿ.ಬಿ.ಎಸ್. ಸೀಟುಗಳೋ ಒಂದು ಲಕ್ಷಕ್ಕಿಂತ ಸ್ವಲ್ಪ ಮೇಲೆ. ಅವುಗಳಲ್ಲಿ ಸರಕಾರಿ ಸೀಟುಗಳು ಸುಮಾರು ಅರ್ಧ. ಸರಕಾರಿ ಕಾಲೇಜಿನಲ್ಲಿ ವರ್ಷದ ಶುಲ್ಕ ಲಕ್ಷದೊಳಗೆ ಮುಗಿಯುತ್ತದೆ. ಖಾಸಗಿ ಕಾಲೇಜಿನ ಆಡಳಿತ ಮಂಡಳಿಯ ಸೀಟಿಗೆ ಒಟ್ಟು ಖರ್ಚು ಕೋಟಿ ದಾಟುವುದುಂಟು. ಈ ಎರಡು ಗೋಡೆಗಳ ನಡುವೆ ಸಿಕ್ಕಿದ ಬಡವನ ಜಾಣ ಮಗುವಿಗೆ ಕಂಡ ಕಿಂಡಿಯೇ ವಿದೇಶ.

ಈ ಗೋಡೆ ತಾನಾಗಿ ಎದ್ದದ್ದಲ್ಲ. ಸೀಟು ಮಾರುವ ಪದ್ಧತಿ ಬೇರು ಬಿಟ್ಟದ್ದು ನಮ್ಮ ಕರ್ನಾಟಕದಲ್ಲೇ. ಅದನ್ನು ತಡೆಯಲು 1984ರಲ್ಲಿ ಕ್ಯಾಪಿಟೇಶನ್ ಶುಲ್ಕ ನಿಷೇಧದ ಕಾಯಿದೆ ಬಂತು. ಆದರೂ 1989ರ ಸರಕಾರಿ ಅಧಿಸೂಚನೆಯೊಂದು ಖಾಸಗಿ ವೈದ್ಯಕೀಯ ಕಾಲೇಜುಗಳಲ್ಲಿ ಸರಕಾರಿ ಸೀಟಿಗೆ ವರ್ಷಕ್ಕೆ 2,000 ರೂಪಾಯಿಯನ್ನೂ ಹೊರರಾಜ್ಯದವರಿಗೆ 60,000 ರೂಪಾಯಿಯವರೆಗೂ ಶುಲ್ಕ ಗೊತ್ತುಮಾಡಿತು. 1992ರ ಮೋಹಿನಿ ಜೈನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಇದನ್ನು ಕ್ಯಾಪಿಟೇಶನ್ನೇ ಎಂದು ಕರೆದು ತಳ್ಳಿಹಾಕಿತು. ಮರುವರ್ಷ ಉನ್ನಿಕೃಷ್ಣನ್ ಪ್ರಕರಣದಲ್ಲಿ ಆ ತೀರ್ಪು ಸಡಿಲವಾಯಿತು, 2002ರ ಟಿ.ಎಂ.ಎ. ಪೈ ತೀರ್ಪಿನ ನಂತರ ಖಾಸಗಿಯವರ ಕೈ ಇನ್ನಷ್ಟು ಬಲವಾಯಿತು.

ಹೊರದೇಶದ ಕಥೆಯೂ ಬೇರೆಯಲ್ಲ. 1960ರಲ್ಲಿ ಮಾಸ್ಕೋದಲ್ಲಿ ಜನಮೈತ್ರಿ ವಿಶ್ವವಿದ್ಯಾಲಯ ಆರಂಭವಾದಾಗ ಏಷ್ಯ, ಆಫ್ರಿಕಗಳ ಬಡ ವಿದ್ಯಾರ್ಥಿಗಳಿಗೆ ವಿದ್ಯಾರ್ಥಿವೇತನ ಕೊಟ್ಟು ಓದಿಸಿದರು. 1991ರಲ್ಲಿ ಸೋವಿಯತ್ ಒಕ್ಕೂಟ ಮುರಿದ ಮೇಲೆ ಅಲ್ಲಿನ ವಿಶ್ವವಿದ್ಯಾಲಯಗಳಿಗೆ ವಿದೇಶಿ ವಿದ್ಯಾರ್ಥಿಯ ಶುಲ್ಕ ಒಂದು ಆದಾಯವಾಯಿತು. ಅಂದು ಅತಿಥಿಯಾಗಿದ್ದವನು ಇಂದು ಗಿರಾಕಿ.

ಗಿರಾಕಿಯಾದ ಮೇಲೆ ಗಿರಾಕಿಯ ಎಚ್ಚರವೂ ಬೇಕು. ಅಗ್ಗವೆಂದು ಮುಗ್ಗಿದ ಜೋಳ ತರಬಾರದೆಂದು ವ್ಯಾಪಾರಿ ಮಿತ್ರರಿಗೆ ನಾವು ಹೇಳಬೇಕಾಗಿಲ್ಲ. ಏಜೆಂಟರು ಲೆಕ್ಕವನ್ನು ವಿಮಾನದ ಟಿಕೆಟ್ಟಿನಿಂದ ಶುರು ಮಾಡುತ್ತಾರೆ. ನಾವು ಅದನ್ನು ಕೊನೆಯಿಂದ ಶುರು ಮಾಡಬೇಕು: ಮಗು ಏನಾಗಬೇಕು? ಎಲ್ಲಿ ಕೆಲಸ ಮಾಡಬೇಕು?

ಭಾರತದಲ್ಲಿ ಡಾಕ್ಟರಾಗಬೇಕೆಂದಾದರೆ ವಿದೇಶಿ ಪದವಿ ಒಂದರಿಂದಲೇ ಪರವಾನಗಿ ಸಿಗುವುದಿಲ್ಲ. 2021ರ ನವೆಂಬರಿನಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗ ಮಾಡಿದ ನಿಯಮಗಳ ಪ್ರಕಾರ ಅಲ್ಲಿನ ಓದು ಕನಿಷ್ಠ 54 ತಿಂಗಳಿರಬೇಕು, ಇಂಗ್ಲಿಷಿನಲ್ಲಿರಬೇಕು. ಅದೇ ಸಂಸ್ಥೆಯಲ್ಲಿ 12 ತಿಂಗಳ ಇಂಟರ್ನ್‌ಶಿಪ್ ಆಗಬೇಕು. ಆ ಪದವಿಯಿಂದ ಆ ದೇಶದಲ್ಲೇ, ಅಲ್ಲಿನ ಪ್ರಜೆಗೆ ಸಿಗುವಂತಹ ವೈದ್ಯವೃತ್ತಿಯ ಪರವಾನಗಿ ಸಿಗುವಂತಿರಬೇಕು. ಎಲ್ಲವೂ ಸೇರಿದ ದಿನದಿಂದ ಹತ್ತು ವರ್ಷದೊಳಗೆ ಮುಗಿಯಬೇಕು. ಹಿಂದಿರುಗಿದ ಮೇಲೆ 2002ರಿಂದ ನಡೆಯುತ್ತಿರುವ ಎಫ್.ಎಂ.ಜಿ.ಇ. ಪರೀಕ್ಷೆ: 300 ಪ್ರಶ್ನೆ, ತೇರ್ಗಡೆಗೆ 150 ಅಂಕ. ಬಹುತೇಕ ಸಲ ಇದರಲ್ಲಿ ಮೂವರಲ್ಲಿ ಒಬ್ಬರೂ ತೇರ್ಗಡೆಯಾಗಿಲ್ಲ. ತೇರ್ಗಡೆಯಾದವರಿಗೆ ಇಲ್ಲಿ ಮತ್ತೊಂದು ವರ್ಷ ಇಂಟರ್ನ್‌ಶಿಪ್. ತಜ್ಞ ವೈದ್ಯನಾಗಬೇಕೆಂದರೆ ಅದರ ಮೇಲೆ ಸ್ನಾತಕೋತ್ತರ ನೀಟ್. ಹದಿನೆಂಟಕ್ಕೆ ಹೋದ ಹುಡುಗಿ ಸ್ವಂತ ಸಂಬಳ ಕಾಣುವ ಹೊತ್ತಿಗೆ ಇಪ್ಪತ್ತಾರು ಮುಗಿದಿರುತ್ತದೆ.

ಅಷ್ಟು ಕಾಲ ಸಾಲ ಮಲಗಿರುವುದಿಲ್ಲ. 25 ಲಕ್ಷಕ್ಕೆ ನೂರಕ್ಕೆ 10ರ ಬಡ್ಡಿಯೆಂದರೆ ತಿಂಗಳಿಗೆ 20 ಸಾವಿರ ಮೀರುತ್ತದೆ. ಏಳೂವರೆ ಲಕ್ಷ ದಾಟಿದ ಸಾಲಕ್ಕೆ ಬ್ಯಾಂಕುಗಳು ಸಾಮಾನ್ಯವಾಗಿ ಅಡಮಾನ ಕೇಳುತ್ತವೆ. ಮಗು ಪರೀಕ್ಷೆಯಲ್ಲಿ ಎಡವಿದರೆ ಹೋಗುವುದು ಮನೆ.

ಹಣದ ಆಚೆಗೂ ನಷ್ಟವಿದೆ. 2022ರಲ್ಲಿ ಯುಕ್ರೇನಿನ ಯುದ್ಧ ಶುರುವಾದಾಗ ಸಾವಿರಾರು ಭಾರತೀಯ ವಿದ್ಯಾರ್ಥಿಗಳು ಅರ್ಧ ಓದನ್ನು ಬಿಟ್ಟು ಓಡಿಬಂದರು. ಹಾವೇರಿ ಜಿಲ್ಲೆಯ ಒಬ್ಬ ಹುಡುಗ ಆ ಮಾರ್ಚ್ 1ರಂದು ಖಾರ್ಕಿವ್ ನಗರದಲ್ಲಿ ಶೆಲ್ ದಾಳಿಗೆ ಬಲಿಯಾದ. ಚೀನದಲ್ಲಿ ಓದುತ್ತಿದ್ದವರು 2020ರಿಂದ ಎರಡು ವರ್ಷಕ್ಕೂ ಮೇಲೆ ಮನೆಯಲ್ಲಿ ಕೂತು ಫೋನಿನಲ್ಲಿ ವೈದ್ಯವಿದ್ಯೆ ಕಲಿಯಬೇಕಾಯಿತು.

ಹಾಗಾದರೆ ಹೋಗಬಾರದೇ? ಹಾಗೆಂದು ನಾವು ಹೇಳುವುದಿಲ್ಲ. ಅಲ್ಲಿ ಓದಿ ಬಂದು ನಮ್ಮ ಆಸ್ಪತ್ರೆಗಳಲ್ಲಿ ನಿಷ್ಠೆಯಿಂದ ದುಡಿಯುತ್ತಿರುವ ವೈದ್ಯರಿದ್ದಾರೆ. ಆದರೆ ಸಹಿ ಹಾಕುವ ಮೊದಲು ನಾಲ್ಕು ಪ್ರಶ್ನೆ ಕೇಳಿರಿ. ಕಾಲೇಜು ಮೇಲಿನ ನಿಯಮಗಳಿಗೆ ಒಳಪಡುತ್ತದೆಂಬುದಕ್ಕೆ ಕಾಗದ ಎಲ್ಲಿದೆ? ಅಲ್ಲಿಂದ ಬಂದವರ ಎಫ್.ಎಂ.ಜಿ.ಇ. ಫಲಿತಾಂಶವೇನು? ಪರೀಕ್ಷಾ ಮಂಡಳಿ ಕಾಲೇಜುವಾರು ಪಟ್ಟಿ ಪ್ರಕಟಿಸಿದ್ದುಂಟು. ಏಜೆಂಟರ ಬಾಯಿಮಾತು ಬೇಡ. ರೋಗಿಯೊಡನೆ ಮಾತಾಡಲು ಆ ದೇಶದ ಭಾಷೆ ಕಲಿಸುತ್ತಾರೆಯೇ? ಪರೀಕ್ಷೆಗೆ ಮತ್ತೆರಡು ವರ್ಷ ಹಿಡಿದರೆ ಮನೆ ತಡೆದೀತೇ? ಕೊನೆಯದಕ್ಕೆ ಉತ್ತರ ಇಲ್ಲವೆಂದಾದರೆ, ಅಥವಾ ಹಟ ಮಗುವಿನದಲ್ಲದೆ ತಂದೆಯದಾದರೆ, ನಿಲ್ಲಿರಿ. ನರ್ಸಿಂಗ್, ಫಾರ್ಮಸಿ, ಪ್ರಯೋಗಶಾಲೆಯ ಕೆಲಸಗಳು ಕೀಳಲ್ಲ. ಅವೂ ಜನರ ಪ್ರಾಣ ಉಳಿಸುವ ಕಸುಬುಗಳೇ.

ಸರಕಾರಕ್ಕೆ ನಮ್ಮ ಒತ್ತಾಯ ಬೇರೆ. ಜಿಲ್ಲೆಗೊಂದು ಸರಕಾರಿ ವೈದ್ಯಕೀಯ ಕಾಲೇಜು ಬೇಕು. ಅದನ್ನು ಸಹಭಾಗಿತ್ವದ ಹೆಸರಿನಲ್ಲಿ ಖಾಸಗಿಯವರಿಗೆ ಒಪ್ಪಿಸಕೂಡದು. 2025ರಲ್ಲಿ ವಿಜಯಪುರದ ಜನ ಧರಣಿ ಕೂತದ್ದು ಇದೇ ಬೇಡಿಕೆಗೆ. ಏಜೆಂಟರು ಜಿಲ್ಲಾಡಳಿತದಲ್ಲಿ ನೋಂದಣಿಯಾಗಬೇಕು, ಸುಳ್ಳು ಭರವಸೆಗೆ ಶಿಕ್ಷೆಯಾಗಬೇಕು. ಹಿಂದಿರುಗಿದ ವಿದ್ಯಾರ್ಥಿಗಳಿಗೆ ಸರಕಾರಿ ಕಾಲೇಜುಗಳಲ್ಲಿ ಉಚಿತ ಪರೀಕ್ಷಾ ತರಬೇತಿ ಸಿಗಬೇಕು.

ಹಳ್ಳಿಯ ಆರೋಗ್ಯ ಕೇಂದ್ರದಲ್ಲಿ ಡಾಕ್ಟರ ಕುರ್ಚಿ ಖಾಲಿ. ಡಾಕ್ಟರಾಗಬೇಕೆಂಬ ನಮ್ಮ ಮಕ್ಕಳು ಸಾಲ ಹೊತ್ತು ಪರದೇಶದಲ್ಲಿ. ಈ ಎರಡನ್ನೂ ಒಂದೇ ನೀತಿ ಹುಟ್ಟಿಸಿದೆ. ಆ ನೀತಿ ಬದಲಾಗುವವರೆಗೆ ಮನೆಯಲ್ಲಿ ಎಚ್ಚರದ ಲೆಕ್ಕ, ಬೀದಿಯಲ್ಲಿ ಒಗ್ಗಟ್ಟಿನ ಹೋರಾಟ, ಎರಡೂ ನಡೆಯಲಿ.