ಸೂಪರಿಂಟೆಂಡೆಂಟ್ ಕುರ್ಚಿ: ಕೊನೆಯ ನಿಲ್ದಾಣವೋ, ಮೇಲೇರುವ ಮೆಟ್ಟಿಲೋ?

2025ರ ಬೇಸಿಗೆಯಲ್ಲಿ ಅನ್ನಾಪೊಲಿಸ್‌ನ ನೇವಲ್ ಅಕಾಡೆಮಿಯಿಂದ ಬಂದ ಒಂದು ಸುದ್ದಿ ನಮ್ಮಲ್ಲಿ ಬಹಳ ಜನರ ಕಣ್ಣಿಗೆ ಬಿದ್ದಿರಲಾರದು. ಅಕಾಡೆಮಿಯ ಮುಖ್ಯಸ್ಥರಾಗಿದ್ದ ವೈಸ್ ಅಡ್ಮಿರಲ್ ಇವೆಟ್ ಡೇವಿಡ್ಸ್ ಅವರನ್ನು ಅಲ್ಲಿಂದ ಎತ್ತಿ ನೌಕಾಪಡೆಯ ಕೇಂದ್ರ ಕಚೇರಿಯ ದೊಡ್ಡ ಹುದ್ದೆಯೊಂದಕ್ಕೆ ಸೂಚಿಸಲಾಯಿತು. ಅವರ ಜಾಗಕ್ಕೆ ಮರೀನ್ ಪಡೆಯ ಲೆಫ್ಟಿನೆಂಟ್ ಜನರಲ್ ಮೈಕೇಲ್ ಬೋರ್ಗ್‌ಶುಲ್ಟ್ ಬಂದರು. 1845ರಲ್ಲಿ ಶುರುವಾದ ಆ ಅಕಾಡೆಮಿಗೆ ಡೇವಿಡ್ಸ್ ಮೊದಲ ಮಹಿಳಾ ಮುಖ್ಯಸ್ಥೆ, ಬೋರ್ಗ್‌ಶುಲ್ಟ್ ಮೊದಲ ಮರೀನ್ ಮುಖ್ಯಸ್ಥ. ಪತ್ರಿಕೆಗಳು ಈ ಎರಡು "ಮೊದಲ"ಗಳ ಬಗ್ಗೆಯೇ ಬರೆದವು. ನಿಜವಾದ ವಿಷಯ ಇನ್ನೊಂದಿತ್ತು: ಡೇವಿಡ್ಸ್ ಆ ಕುರ್ಚಿಯಲ್ಲಿ ಕೂತಿದ್ದು 2024ರ ಜನವರಿಯಿಂದ, ಅಂದರೆ ಎರಡು ವರ್ಷವೂ ತುಂಬಿರಲಿಲ್ಲ!

ಇದರಲ್ಲೇನು ವಿಶೇಷ, ಮಿಲಿಟರಿಯಲ್ಲಿ ವರ್ಗಾವಣೆ ಇದ್ದದ್ದೇ ಅಲ್ಲವೇ ಎಂದು ನೀವು ಕೇಳಬಹುದು. ವಿಶೇಷ ಇದೆ. ಅದನ್ನು ಹೇಳುವ ಮೊದಲು ಹೆಸರುಗಳ ಗೊಂದಲವೊಂದನ್ನು ಬಿಡಿಸಿಬಿಡೋಣ. ಭಾರತದಲ್ಲಿ ಖಡಕ್‌ವಾಸ್ಲಾದ ಎನ್.ಡಿ.ಎ. ಇರಲಿ, ಡೆಹ್ರಾಡೂನಿನ ಐ.ಎಂ.ಎ. ಇರಲಿ, ಅಕಾಡೆಮಿಯ ಯಜಮಾನನಿಗೆ "ಕಮಾಂಡೆಂಟ್" ಎನ್ನುತ್ತಾರೆ. ಅಮೆರಿಕಾದ ವೆಸ್ಟ್ ಪಾಯಿಂಟ್‌ನಲ್ಲಿ ಯಜಮಾನನ ಹೆಸರು "ಸೂಪರಿಂಟೆಂಡೆಂಟ್". ಅಲ್ಲಿ ಕಮಾಂಡೆಂಟ್ ಎಂಬುವರೂ ಇದ್ದಾರೆ, ಆದರೆ ಅವರು ಸೂಪರಿಂಟೆಂಡೆಂಟರ ಕೈಕೆಳಗೆ ಕೆಡೆಟ್‌ಗಳ ಕವಾಯತು, ಶಿಸ್ತು, ಸೈನಿಕ ತರಬೇತಿ ನೋಡಿಕೊಳ್ಳುವ ಬ್ರಿಗೇಡಿಯರ್ ಜನರಲ್. ಓದು ಬರಹಕ್ಕೆ ಡೀನ್ ಬೇರೆ. ಮೂರು ನಕ್ಷತ್ರದ ಸೂಪರಿಂಟೆಂಡೆಂಟ್ ಇವರಿಬ್ಬರ ಮೇಲೆ. ನಮ್ಮೂರ ಕಚೇರಿಗಳಲ್ಲಿ ಸೂಪರಿಂಟೆಂಡೆಂಟ್ ಎಂದರೆ ಫೈಲು ನೋಡುವ ಮಧ್ಯಮ ದರ್ಜೆಯ ನೌಕರ, ಇಲ್ಲಿ ಲೆಫ್ಟಿನೆಂಟ್ ಜನರಲ್!

ಈತ ಒಟ್ಟಿಗೇ ಮೂರು ನಾಲ್ಕು ಕೆಲಸ ಮಾಡುತ್ತಾನೆ. ಸುಮಾರು 4,400 ವಿದ್ಯಾರ್ಥಿಗಳ ಕಾಲೇಜಿಗೆ ಕುಲಪತಿ, ಒಂದು ಸೈನಿಕ ನೆಲೆಯ ಕಮಾಂಡರ್, ಕೋರ್ಟ್ ಮಾರ್ಷಲ್ ಕರೆಯುವ ಅಧಿಕಾರವುಳ್ಳವನು. ಮೇಲೆ ಫುಟ್‌ಬಾಲ್ ತಂಡ ಸೋತರೆ ಹಳೆಯ ವಿದ್ಯಾರ್ಥಿಗಳ ಬೈಗುಳವನ್ನೂ ಕೇಳಬೇಕು. ಸುಳ್ಳು ಹೇಳಿದ, ನಕಲು ಮಾಡಿದ ಕೆಡೆಟ್‌ನನ್ನು ಇಟ್ಟುಕೊಳ್ಳಬೇಕೋ ಮನೆಗೆ ಕಳಿಸಬೇಕೋ ಎಂಬ ಪ್ರಶ್ನೆಯೂ ಕೊನೆಗೆ ಬಂದು ನಿಲ್ಲುವುದು ಇವನ ಮೇಜಿನ ಮೇಲೆಯೇ. ನನ್ನ ಅಭಿಪ್ರಾಯದಲ್ಲಿ ಈ ಹುದ್ದೆಯ ಜೀವಾಳ ಅದೇ. ಕಟ್ಟಡ, ಬಜೆಟ್ಟು, ಪೆರೇಡು ಯಾರಾದರೂ ನೋಡಿಕೊಂಡಾರು. ಇಪ್ಪತ್ತು ವರ್ಷದ ಹುಡುಗನ ಮುಂದೆ "ಆಗದು" ಎನ್ನುವ ಮಾತಿಗೆ ತೂಕ ಇರಬೇಕಾದರೆ, ಅದನ್ನು ಹೇಳುವವನ ಬೆನ್ನ ಹಿಂದೆ ಯಾರೂ ಅದನ್ನು ಅಳಿಸಿಹಾಕುವಂತಿರಬಾರದು.

ಹೀಗೆ ಅಳಿಸಿದ್ದರ ಕತೆ ಬಹಳ ಹಳೆಯದು. ವೆಸ್ಟ್ ಪಾಯಿಂಟ್ ಹುಟ್ಟಿದ್ದು 1802ರಲ್ಲಾದರೂ ಅದಕ್ಕೆ ಅಕಾಡೆಮಿಯ ಆಕಾರ ಕೊಟ್ಟಾತ 1817ರಿಂದ 1833ರವರೆಗೆ ಸೂಪರಿಂಟೆಂಡೆಂಟ್ ಆಗಿದ್ದ ಸಿಲ್ವೇನಸ್ ಥೇಯರ್. ಸಣ್ಣ ಸಣ್ಣ ಗುಂಪುಗಳಲ್ಲಿ ಪಾಠ, ದಿನದಿನವೂ ಪ್ರಶ್ನೆ, ಅಂಕಗಳ ಪ್ರಕಾರ ಶ್ರೇಣಿ, ಇವೆಲ್ಲ ಆತನ ಏರ್ಪಾಡು. ಹದಿನಾರು ವರ್ಷ ಕೂತ ಮನುಷ್ಯ ಹೋಗಿದ್ದೇಕೆ? ಶಿಸ್ತು ಮುರಿದ ಕೆಡೆಟ್‌ಗಳನ್ನು ಆತ ಹೊರಹಾಕುತ್ತಿದ್ದ, ಅಧ್ಯಕ್ಷ ಆಂಡ್ರ್ಯೂ ಜಾಕ್ಸನ್ ಅವರಲ್ಲಿ ಕೆಲವರನ್ನು ಮತ್ತೆ ಒಳಗೆ ಕಳಿಸುತ್ತಿದ್ದ. ದೊಡ್ಡವರ ಮನೆಯ ಮಕ್ಕಳು ವಾಷಿಂಗ್ಟನ್‌ಗೆ ಹೋಗಿ ದೂರು ಹೇಳಿದರೆ ಸಾಕು ಎಂದಾದ ಮೇಲೆ ಥೇಯರ್ ರಾಜೀನಾಮೆ ಬರೆದುಕೊಟ್ಟ. ಇವತ್ತು "ಮಿಲಿಟರಿ ಅಕಾಡೆಮಿಯ ಪಿತಾಮಹ" ಎಂದು ಅವನ ಪ್ರತಿಮೆಗೆ ಹೂಮಾಲೆ ಇಡುತ್ತಾರೆ, ಆ ಮಾತು ಬೇರೆ.

ಇನ್ನು ಡಗ್ಲಸ್ ಮ್ಯಾಕ್‌ಆರ್ಥರ್. ಮೊದಲ ಮಹಾಯುದ್ಧ ಮುಗಿಸಿ 1919ರಲ್ಲಿ, 39ನೇ ವಯಸ್ಸಿಗೆ, ಆ ಕುರ್ಚಿಗೆ ಬಂದ. ಯುದ್ಧದ ಅವಸರಕ್ಕೆ ಕೆಡೆಟ್‌ಗಳನ್ನು ಬೇಗ ಬೇಗ ಪಾಸು ಮಾಡಿ ಕಳಿಸಿದ್ದರಿಂದ ಅಕಾಡೆಮಿ ಅಸ್ತವ್ಯಸ್ತವಾಗಿತ್ತು. ಎಲ್ಲರಿಗೂ ಕ್ರೀಡೆ ಕಡ್ಡಾಯ ಮಾಡಿದ, ಹೊಸಬರನ್ನು ಗೋಳುಹೊಯ್ದುಕೊಳ್ಳುವ ಪದ್ಧತಿಗೆ ಕಡಿವಾಣ ಹಾಕಲು ಹೋದ, ಕೆಡೆಟ್‌ಗಳ ಗೌರವ ಸಂಹಿತೆಗೆ ಅಧಿಕೃತ ಸಮಿತಿ ಮಾಡಿಸಿದ. ಹಳೆಯ ಪ್ರಾಧ್ಯಾಪಕರು ತುಂಬಿದ್ದ ಅಕಾಡೆಮಿಕ್ ಬೋರ್ಡಿನಲ್ಲಿ ಅವನಿಗಿದ್ದದ್ದು ಒಂದೇ ಮತ. 1922ರಲ್ಲಿ ಅವನು ಹೋಗುತ್ತಿದ್ದಂತೆಯೇ ಮುಂದಿನವನು ಬಂದು ಸುಧಾರಣೆಗಳಲ್ಲಿ ಹಲವನ್ನು ಹಿಂತೆಗೆದ! ಹೊಸ ಅಗಸ ಗೋಣಿ ಎತ್ತೆತ್ತಿ ಒಗೆದ ಎಂಬ ಗಾದೆ ನಮ್ಮಲ್ಲಿದೆ. ಅಕಾಡೆಮಿಗಳಲ್ಲಿ ಮೂರು ನಾಲ್ಕು ವರ್ಷಕ್ಕೊಮ್ಮೆ ಅಗಸ ಬದಲಾಗುತ್ತಾನೆ, ಗೋಣಿ ಮಾತ್ರ ಅದೇ.

ಇದು ಹಳೆಯ ಕಾಲದ ಮಾತು ಎಂದುಕೊಳ್ಳಬೇಡಿ. 2015ರ ಸುಮಾರಿಗೆ ವೆಸ್ಟ್ ಪಾಯಿಂಟ್‌ನಲ್ಲಿ ತಪ್ಪು ತಾನಾಗಿ ಒಪ್ಪಿಕೊಂಡ ಕೆಡೆಟ್‌ಗೆ ಅಕಾಡೆಮಿಯಿಂದ ಹೊರಹಾಕದೆ ತಿದ್ದಿಕೊಳ್ಳುವ ಅವಕಾಶ ಕೊಡುವ ನಿಯಮ ಬಂತು. 2020ರ ಮೇ ತಿಂಗಳಲ್ಲಿ, ಕೋವಿಡ್ ಕಾರಣ ಎಲ್ಲರೂ ಮನೆಯಿಂದ ಬರೆದ ಕ್ಯಾಲ್ಕುಲಸ್ ಪರೀಕ್ಷೆಯಲ್ಲಿ 73 ಕೆಡೆಟ್‌ಗಳ ಮೇಲೆ ನಕಲಿನ ಆರೋಪ ಬಂತು. ಆಗ ಸೂಪರಿಂಟೆಂಡೆಂಟ್ ಆಗಿದ್ದ ಲೆಫ್ಟಿನೆಂಟ್ ಜನರಲ್ ಡ್ಯಾರಿಲ್ ವಿಲಿಯಮ್ಸ್ ಕೆಲವರನ್ನು ಹೊರಹಾಕಿದರು, ಹೆಚ್ಚಿನವರನ್ನು ಒಂದು ವರ್ಷ ಹಿಂದಕ್ಕೆ ಹಾಕಿದರು, ಜೊತೆಗೆ ಆ ಒಪ್ಪಿಗೆಯ ನಿಯಮವನ್ನೇ 2021ರಲ್ಲಿ ಕಿತ್ತುಹಾಕಿದರು. ಯಾವುದು ಸರಿ? ಕರುಣೆಗೂ ಜಾಗ ಬೇಕು ಎಂಬ ವಾದವನ್ನು ನಾನು ತಳ್ಳಿಹಾಕುವುದಿಲ್ಲ. ಆದರೆ ಸಿಕ್ಕಿಬಿದ್ದ ಮೇಲೆ ಒಪ್ಪಿಕೊಳ್ಳುವುದು ಲಾಭದ ದಾರಿ ಎಂದು ಹುಡುಗರಿಗೆ ಗೊತ್ತಾದರೆ ಅದು ಒಪ್ಪಿಗೆಯಲ್ಲ, ಲೆಕ್ಕಾಚಾರ.

ಈಗ ಮೊದಲು ಹೇಳಿದ ವಿಷಯಕ್ಕೆ ಬರೋಣ. ಅಕಾಡೆಮಿಗಳು ದೊಡ್ಡ ಹಗರಣಗಳಲ್ಲಿ ಸಿಕ್ಕಿಕೊಂಡಾಗ ಅಮೆರಿಕಾ ಒಂದು ಉಪಾಯ ಕಂಡುಕೊಂಡಿತ್ತು. 1976ರಲ್ಲಿ ವೆಸ್ಟ್ ಪಾಯಿಂಟ್‌ನ ಎಲೆಕ್ಟ್ರಿಕಲ್ ಇಂಜಿನಿಯರಿಂಗ್ ವಿಷಯವೊಂದರಲ್ಲಿ ನಡೆದ ನಕಲಿನಿಂದ 150ಕ್ಕೂ ಹೆಚ್ಚು ಕೆಡೆಟ್‌ಗಳು ಹೊರಹೋದರು. ಅದೇ ವರ್ಷ ಮೊದಲ ಬಾರಿಗೆ ಹುಡುಗಿಯರನ್ನು ಸೇರಿಸಿಕೊಂಡಿದ್ದರು. ಒಳಗೆಲ್ಲ ಅಲ್ಲೋಲಕಲ್ಲೋಲ. ಆಗ ನ್ಯಾಟೋ ಪಡೆಗಳ ಸರ್ವೋಚ್ಚ ಕಮಾಂಡರ್ ಆಗಿ ನಿವೃತ್ತರಾಗಿದ್ದ ಆಂಡ್ರ್ಯೂ ಗುಡ್‌ಪಾಸ್ಟರ್ ಅವರನ್ನು 1977ರಲ್ಲಿ ವಾಪಸು ಕರೆದರು. ಅವರು ತಮ್ಮ ನಾಲ್ಕು ನಕ್ಷತ್ರಗಳಲ್ಲಿ ಒಂದನ್ನು ಕಳಚಿಟ್ಟು, ಮೂರು ನಕ್ಷತ್ರ ಧರಿಸಿ ಬಂದರು! ನೇವಲ್ ಅಕಾಡೆಮಿಯಲ್ಲೂ 1992ರ ನಕಲು ಹಗರಣದ ಬಳಿಕ, 1994ರಲ್ಲಿ, ಪೆಸಿಫಿಕ್ ವಲಯದ ಮುಖ್ಯ ಕಮಾಂಡರ್ ಆಗಿದ್ದ ಅಡ್ಮಿರಲ್ ಚಾರ್ಲ್ಸ್ ಲಾರ್ಸನ್ ಅವರನ್ನು ತಂದರು. ಅವರು 1983ರಿಂದ 1986ರವರೆಗೆ ಒಮ್ಮೆ ಅದೇ ಹುದ್ದೆಯಲ್ಲಿದ್ದವರು. ಇವರಿಬ್ಬರಿಗೂ ಇದರಿಂದ ಮುಂದೆ ಸಿಗಬೇಕಾದದ್ದು ಏನೂ ಇರಲಿಲ್ಲ. ಯಾರನ್ನೂ ಮೆಚ್ಚಿಸಬೇಕಾಗಿರಲಿಲ್ಲ.

ಆಮೇಲೆ ಕಾನೂನು ಈ ಅನುಭವವನ್ನು ನಿಯಮವಾಗಿಸಿತು. ಸೂಪರಿಂಟೆಂಡೆಂಟ್ ಕನಿಷ್ಠ ಮೂರು ವರ್ಷ ಇರಬೇಕು, ಮುಂಚೆಯೇ ಬದಲಾಯಿಸಿದರೆ ಕಾಂಗ್ರೆಸ್ಸಿಗೆ ಕಾರಣ ಹೇಳಬೇಕು, ಅವಧಿ ಮುಗಿದ ಮೇಲೆ ಆತ ಸೇವೆಯಿಂದಲೇ ನಿವೃತ್ತನಾಗಬೇಕು. ಅಂದರೆ ಅದು ಕೊನೆಯ ನಿಲ್ದಾಣ. ಮುಂದಿನ ಬಡ್ತಿಯ ಆಸೆ ಇಲ್ಲದವನು ನೇರವಾಗಿ ಮಾತಾಡುತ್ತಾನೆ ಎಂಬುದು ಲೆಕ್ಕ.

ಈ ಲೆಕ್ಕಕ್ಕೆ ಎದುರು ವಾದವೂ ಇದೆ, ಅದು ಹಗುರವಾದದ್ದಲ್ಲ. ಮ್ಯಾಕ್‌ಆರ್ಥರ್, ಮ್ಯಾಕ್ಸ್‌ವೆಲ್ ಟೇಲರ್, ವೆಸ್ಟ್‌ಮೋರ್‌ಲ್ಯಾಂಡ್, ಮೂವರೂ ವೆಸ್ಟ್ ಪಾಯಿಂಟ್ ನಡೆಸಿದ ಮೇಲೆ ಭೂಸೇನೆಯ ಮುಖ್ಯಸ್ಥರಾದವರು. ಏರುತ್ತಿರುವ ಅಧಿಕಾರಿಗೆ "ಇಲ್ಲಿಗೆ ಬಂದರೆ ನಿನ್ನ ಕತೆ ಮುಗಿಯಿತು" ಎಂದು ಹೇಳಿದರೆ ಚುರುಕಿನವರು ಯಾಕೆ ಬರುತ್ತಾರೆ? ಈ ಕಾರಣಕ್ಕೋ ಏನೋ, ಮುಂದೆ ಕಾನೂನಿನಲ್ಲಿ ವಿನಾಯಿತಿಯ ಕಿಂಡಿಯೊಂದನ್ನು ತೆರೆದರು. ವಿಲಿಯಮ್ಸ್ 2022ರಲ್ಲಿ ವೆಸ್ಟ್ ಪಾಯಿಂಟ್ ಬಿಟ್ಟು ನಿವೃತ್ತರಾಗಲಿಲ್ಲ. ನಾಲ್ಕನೇ ನಕ್ಷತ್ರ ಧರಿಸಿ ಯುರೋಪಿನ ಅಮೆರಿಕನ್ ಭೂಸೇನೆಯ ಕಮಾಂಡರ್ ಆದರು. 2025ರಲ್ಲಿ ಡೇವಿಡ್ಸ್ ಅವರದ್ದೂ ಅದೇ ದಾರಿ, ಅವಧಿ ಮಾತ್ರ ಇನ್ನೂ ಚಿಕ್ಕದು. ಇಬ್ಬರ ಯೋಗ್ಯತೆಯನ್ನೂ ನಾನು ಪ್ರಶ್ನಿಸುತ್ತಿಲ್ಲ. ಅವರು ಹೋದದ್ದು ಶಿಕ್ಷೆಯಾಗಿಯೂ ಅಲ್ಲ. ಆದರೆ ಕಿಂಡಿ ಬಾಗಿಲಾಗುತ್ತಿರುವುದು ಕಾಣುತ್ತಿದೆ.

ಇದು ಈಗ ಯಾಕೆ ಮುಖ್ಯ ಎಂದರೆ, ಅಕಾಡೆಮಿಗಳ ಮೇಲೆ ವಾಷಿಂಗ್ಟನ್‌ನ ಕೈ ಹೆಚ್ಚು ಹೆಚ್ಚು ಬೀಳುತ್ತಿದೆ. 2023ರಲ್ಲಿ ಸೆನೆಟರ್ ಟಾಮಿ ಟ್ಯೂಬರ್‌ವಿಲ್ ಸೇನಾ ಬಡ್ತಿಗಳನ್ನೆಲ್ಲ ತಡೆಹಿಡಿದಾಗ ನೇವಲ್ ಅಕಾಡೆಮಿ ತಿಂಗಳುಗಟ್ಟಲೆ ಹಂಗಾಮಿ ಮುಖ್ಯಸ್ಥರ ಕೈಯಲ್ಲಿತ್ತು. 2025ರ ಏಪ್ರಿಲ್‌ನಲ್ಲಿ ರಕ್ಷಣಾ ಕಾರ್ಯದರ್ಶಿಗಳ ಕಚೇರಿಯ ಆದೇಶದ ಮೇಲೆ ಅದೇ ಅಕಾಡೆಮಿಯ ಗ್ರಂಥಾಲಯದಿಂದ 381 ಪುಸ್ತಕಗಳನ್ನು ತೆಗೆಯಲಾಯಿತು, ಆಮೇಲೆ ಮರುಪರಿಶೀಲನೆಯಲ್ಲಿ ಹೆಚ್ಚಿನವು ಕಪಾಟಿಗೆ ಮರಳಿದವು. ಅದೇ ಜುಲೈನಲ್ಲಿ ವೆಸ್ಟ್ ಪಾಯಿಂಟ್ ತನ್ನ ಹಳೆಯ ವಿದ್ಯಾರ್ಥಿನಿ ಜೆನ್ ಈಸ್ಟರ್ಲಿ ಅವರಿಗೆ ಕೊಟ್ಟಿದ್ದ ಪ್ರಾಧ್ಯಾಪಕ ಸ್ಥಾನವನ್ನು ಭೂಸೇನಾ ಕಾರ್ಯದರ್ಶಿಗಳು ರದ್ದು ಮಾಡಿಸಿದರು. ಚುನಾಯಿತ ಸರ್ಕಾರದ ಆಜ್ಞೆಯನ್ನು ಸೇನಾಧಿಕಾರಿ ಪಾಲಿಸಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಪಾಲಿಸುವ ಮೊದಲು "ಸರ್, ಇದರಿಂದ ಅಕಾಡೆಮಿಗೆ ಹೀಗೆ ಹೀಗೆ ತೊಂದರೆಯಾಗುತ್ತದೆ" ಎಂದು ಮುಚ್ಚಿದ ಬಾಗಿಲ ಹಿಂದೆ ಹೇಳುವ ಹಕ್ಕೂ ಹೊಣೆಯೂ ಅವನಿಗಿದೆ. ಮುಂದಿನ ನಕ್ಷತ್ರಕ್ಕೆ ಕಾಯುತ್ತಿರುವವನು ಅದನ್ನು ಎಷ್ಟು ಗಟ್ಟಿಯಾಗಿ ಹೇಳಿಯಾನು?

ಗಟ್ಟಿಯಾಗಿ ಹೇಳಿಯೂ ಮೇಲೇರಿದವರಿಲ್ಲವೇ? ಇದ್ದಾರೆ, ನಮ್ಮವರೇ. ಐ.ಎಂ.ಎ.ಯ 1932ರ ಮೊದಲ ತಂಡದ ಕೆಡೆಟ್ ಸ್ಯಾಮ್ ಮಾಣೆಕ್ ಶಾ ಮುಂದೆ ನೀಲಗಿರಿಯ ವೆಲಿಂಗ್ಟನ್‌ನಲ್ಲಿರುವ ಸ್ಟಾಫ್ ಕಾಲೇಜಿನ ಕಮಾಂಡೆಂಟ್ ಆದರು. ಅದು ಕೆಡೆಟ್‌ಗಳ ಶಾಲೆಯಲ್ಲ, ಸೇವೆಯಲ್ಲಿರುವ ಅಧಿಕಾರಿಗಳ ಕಾಲೇಜು, ಆದರೂ ಪ್ರಶ್ನೆ ಅದೇ. ಅದಕ್ಕೂ ಮುಂಚೆ ರಕ್ಷಣಾ ಸಚಿವ ಕೃಷ್ಣ ಮೆನನ್, ಆಗಿನ ಸೇನಾ ಮುಖ್ಯಸ್ಥ, ನಮ್ಮ ಕೊಡಗಿನ ಜನರಲ್ ತಿಮ್ಮಯ್ಯನವರ ಬಗ್ಗೆ ಅಭಿಪ್ರಾಯ ಕೇಳಿದಾಗ, ನನ್ನ ಮೇಲಧಿಕಾರಿಯ ಬಗ್ಗೆ ನಾನು ಮಾತಾಡುವುದಿಲ್ಲ ಎಂದು ಉತ್ತರಿಸಿದ್ದಾಗಿ ಮಾಣೆಕ್ ಶಾ ಮುಂದೆ ಹೇಳಿಕೊಂಡಿದ್ದರು. ಕಮಾಂಡೆಂಟ್ ಆಗಿದ್ದಾಗ ಅವರ ನೇರ ಮಾತುಗಳನ್ನೇ ದೇಶವಿರೋಧಿ ಎಂದು ಬಣ್ಣಿಸಿ ವಿಚಾರಣೆ ನಡೆಸಿದರು. ಲೆಫ್ಟಿನೆಂಟ್ ಜನರಲ್ ದೌಲತ್ ಸಿಂಗ್ ಅವರ ವಿಚಾರಣೆ ಅವರನ್ನು ನಿರ್ದೋಷಿ ಎಂದಿತು. ಆದರೂ ಅವರ ಬಡ್ತಿಯ ದಾರಿ ತೆರೆದದ್ದು 1962ರ ಚೀನಾ ಯುದ್ಧದಲ್ಲಿ ಪೆಟ್ಟು ತಿಂದು, ಮೆನನ್ ಕುರ್ಚಿ ಬಿಟ್ಟ ಮೇಲೆಯೇ. ಒಬ್ಬ ಮಾಣೆಕ್ ಶಾ ಪಾರಾದರು ಎಂದು ಎಲ್ಲ ಕಮಾಂಡೆಂಟರಿಗೂ ಅಷ್ಟು ಎದೆಗಾರಿಕೆ ಇರಲಿ ಎಂದು ನಿರೀಕ್ಷಿಸುವುದು ವ್ಯವಸ್ಥೆಯಲ್ಲ, ಅದೃಷ್ಟ.

ಕೊನೆಯ ನಿಲ್ದಾಣದಲ್ಲಿರುವವನು ಕೂಡ ಕಣ್ಣು ಮುಚ್ಚಿ ಕೂರಬಹುದು ಎಂಬುದಕ್ಕೂ ಉದಾಹರಣೆ ಇದೆ. ಕೊಲರಾಡೋದ ಏರ್ ಫೋರ್ಸ್ ಅಕಾಡೆಮಿಯಲ್ಲಿ ಹುಡುಗಿಯರ ಮೇಲಿನ ಲೈಂಗಿಕ ದೌರ್ಜನ್ಯದ ದೂರುಗಳು ಸರಿಯಾದ ವಿಚಾರಣೆ ಇಲ್ಲದೆ ಉಳಿದಿದ್ದುದು 2003ರಲ್ಲಿ ಬಯಲಾಯಿತು. ಸೂಪರಿಂಟೆಂಡೆಂಟ್ ಜಾನ್ ಡಲಾಗರ್ ಅವರನ್ನು ತೆಗೆದು, ಒಂದು ನಕ್ಷತ್ರ ಕಡಿಮೆ ಮಾಡಿ ನಿವೃತ್ತಿಗೊಳಿಸಲಾಯಿತು. ನಿವೃತ್ತಿಯ ನಿಯಮ ಆಗ ಜಾರಿಯಲ್ಲೇ ಇತ್ತು. ಹಾಗಾಗಿ ಆ ನಿಯಮ ಒಂದೇ ಸಾಲದು, ಹೊರಗಿನವರ ಕಣ್ಣೂ ಇರಬೇಕು. ಅದಕ್ಕೆಂದೇ ಪ್ರತಿ ಅಕಾಡೆಮಿಗೂ ಕಾಂಗ್ರೆಸ್ ಸದಸ್ಯರು ಮತ್ತು ಅಧ್ಯಕ್ಷರು ನೇಮಿಸಿದವರು ಇರುವ ಬೋರ್ಡ್ ಆಫ್ ವಿಸಿಟರ್ಸ್ ಎಂಬ ಮಂಡಳಿ ಇದೆ. 2021ರಲ್ಲಿ ಬೈಡನ್ ಅದರಿಂದ ಹಿಂದಿನ ಸರ್ಕಾರದ ನೇಮಕದವರನ್ನು ತೆಗೆದರು, 2025ರ ಫೆಬ್ರವರಿಯಲ್ಲಿ ಟ್ರಂಪ್ ಬಂದು ಮತ್ತೆ ಗುಡಿಸಿದರು. ಕಣ್ಣಿಗೂ ಈಗ ಪಕ್ಷದ ಕನ್ನಡಕ!

ನಮ್ಮ ಮನೆಗಳಲ್ಲಿ ಮಗ ಅಥವಾ ಮಗಳು ವೆಸ್ಟ್ ಪಾಯಿಂಟ್ ಅಂದರೆ ಅಪ್ಪ ಅಮ್ಮ ಇನ್ನೂ ಬೆಚ್ಚಿಬೀಳುತ್ತಾರೆ, ಎಂ.ಐ.ಟಿ. ಅಂದರೆ ಪಾಯಸ ಮಾಡುತ್ತಾರೆ. ಆದರೂ ಇಲ್ಲೇ ಹುಟ್ಟಿದ ಮಕ್ಕಳಲ್ಲಿ ಈ ದಾರಿಯ ಬಗ್ಗೆ ಕೇಳುವವರಿದ್ದಾರೆ. ಅಮೆರಿಕಾದ ಪೌರತ್ವ, ಕನಿಷ್ಠ 17ರ ವಯಸ್ಸು, ಸೆನೆಟರ್ ಅಥವಾ ಕಾಂಗ್ರೆಸ್ ಸದಸ್ಯರಂಥವರ ನಾಮನಿರ್ದೇಶನ ಬೇಕು. ಫೀಸಿಲ್ಲ, ಬದಲಿಗೆ ಪದವಿಯ ನಂತರ ಕನಿಷ್ಠ ಐದು ವರ್ಷದ ಸೇವೆ. ನಾಮನಿರ್ದೇಶನಕ್ಕೆ ಅಂತ ನಿಮ್ಮ ಕಾಂಗ್ರೆಸ್ ಸದಸ್ಯರ ಕಚೇರಿಗೆ ಹೋದಾಗ ಅಂಕ, ಓಟ, ಶಿಫಾರಸು ಪತ್ರ ಎಲ್ಲ ಕೇಳಿದ ಮೇಲೆ ಇನ್ನೊಂದು ಪ್ರಶ್ನೆ ಕೇಳಿ: ಈಗಿರುವ ಸೂಪರಿಂಟೆಂಡೆಂಟ್ ಎಷ್ಟು ವರ್ಷ ಇರುತ್ತಾರೆ, ಮೂರು ವರ್ಷದ ನಿಯಮ ಮುರಿದರೆ ತಾವು ಏನು ಕೇಳುತ್ತೀರಿ ಎಂದು. ಕಾಂಗ್ರೆಸ್ಸಿಗೆ ಕಾರಣ ಹೇಳಬೇಕು ಎಂದು ಬರೆದ ಕಾನೂನು ಆ ಕಾಂಗ್ರೆಸ್ಸಿನವರದ್ದೇ.