ದಾಸೋಹದ ಬಂಡಿಗೆ ಅಗ್ನಿರಕ್ಷೆ



ಒಲೆಯೊಳಗಿನ ಬೆಂಕಿ ಅನ್ನವನ್ನು ಬೇಯಿಸುತ್ತದೆ. ಒಲೆಯನ್ನು ದಾಟಿದ ಬೆಂಕಿ ಮನೆಯನ್ನೇ ಬೇಯಿಸುತ್ತದೆ. ಇದನ್ನು ಬಲ್ಲ ನಮ್ಮ ತಾಯಂದಿರು ಒಲೆಯ ಬಳಿ ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಳ್ಳುತ್ತಾರೆ. ವಾಹನದ ಎಂಜಿನ್ನೂ ಒಂದು ಒಲೆಯೇ. ಆದರೆ ಅದರ ಬಳಿ ನಾವು ಅಷ್ಟು ಎಚ್ಚರದಿಂದ ಇರುವುದಿಲ್ಲ.

ಸದಲಗಾದ ಕೆಲವು ತರುಣರು ಈಚೆಗೆ ಹಳೆಯ ಬಸ್ಸೊಂದನ್ನು ಕೊಂಡರು. ಆಸನಗಳನ್ನು ತೆಗೆದು, ಉಳವಿ ಹಾಗೂ ಶ್ರೀಶೈಲದ ಪಾದಯಾತ್ರಿಕರಿಗೆ ದಾಸೋಹದ ಪಾತ್ರೆ, ಧಾನ್ಯ, ಹಾಸಿಗೆಗಳನ್ನು ಒಯ್ಯುವ ಬಂಡಿಯನ್ನಾಗಿ ಅದನ್ನು ಮಾರ್ಪಡಿಸುವ ಸಂಕಲ್ಪ ಅವರದು. ಸಂಕಲ್ಪ ಪವಿತ್ರವಾದುದು. ಎಂಜಿನ್ನು ಚಾಲಕನ ಮಗ್ಗುಲಲ್ಲಿಯೇ ಇದ್ದುದರಿಂದ ಕಾವು ತಡೆಯಲಾರದೆ ಒಬ್ಬನು ನನ್ನ ಬಳಿ ಬಂದು, “ಗುರುಗಳ, ಬಾನೆಟ್ಟಿನ ಒಳಗ ಫೋಮ್ ಅಂಟಿಸಿ, ಮ್ಯಾಲ ಹಳೇ ಗಾದಿ ಹಾಸಿದ್ರ ಹೆಂಗ್ರಿ? ಖರ್ಚೂ ಕಡಿಮಿ” ಎಂದು ಕೇಳಿದನು.

ನಾನು ತಕ್ಷಣ ಉತ್ತರಿಸಲಿಲ್ಲ. ಬಹಳ ವರ್ಷಗಳ ಹಿಂದೆ ಇಂಥದೇ ಯಾತ್ರೆಯಲ್ಲಿ, ಬಾನೆಟ್ಟಿನ ಮೇಲೆ ಗೋಣಿತಾಟು ಹಾಸಿರೆಂದು ಹೇಳಿದವನು ನಾನೇ. ಉಳವಿಯ ಏರುದಾರಿಯಲ್ಲಿ ತಾಟಿನಿಂದ ಹೊಗೆ ಎದ್ದಿತು. ಸಂದಿನಲ್ಲಿ ಇಳಿಬಿದ್ದ ಅದರ ಅಂಚು ಹನಿಹನಿಯಾಗಿ ಜಿನುಗಿದ ಎಣ್ಣೆಯನ್ನು ಕುಡಿದು ಬತ್ತಿಯಾಗಿತ್ತು. ಚಾಲಕನು ಚುರುಕಾಗಿದ್ದುದರಿಂದ ಅನಾಹುತ ತಪ್ಪಿತು. ಹಿಂದಿನ ಆಸನದಲ್ಲಿ ಮಕ್ಕಳು ನಿದ್ರಿಸುತ್ತಿದ್ದರು. ಆ ಹೊಗೆಯ ವಾಸನೆಯನ್ನು ನಾನು ಇಂದಿಗೂ ಮರೆತಿಲ್ಲ.

ಹಳೆಯ ಬಸ್ಸಿಗೆ ಹೊಸ ರೂಪ ಕೊಡುವುದು ತಪ್ಪಲ್ಲ. 2020ರಲ್ಲಿ ನಮ್ಮ ರಾಜ್ಯ ಸಾರಿಗೆ ನಿಗಮವು ಬಸ್ಸುಗಳನ್ನು ಸಂಚಾರಿ ಜ್ವರ ಚಿಕಿತ್ಸಾಲಯಗಳನ್ನಾಗಿ ಮಾಡಿತು. ಬೆಂಗಳೂರಿನ ಕೆಂಪೇಗೌಡ ಬಸ್ ನಿಲ್ದಾಣದಲ್ಲಿ ಹಳೆಯ ಬಸ್ಸೊಂದು ಸ್ತ್ರೀಯರ ಶೌಚಾಲಯವಾಯಿತು. ಆದರೆ 2025ರ ಅಕ್ಟೋಬರ್ 14ರಂದು ರಾಜಸ್ಥಾನದ ಜೈಸಲ್ಮೇರ್ ಬಳಿ, ಹವಾನಿಯಂತ್ರಣವಿಲ್ಲದ ಬಸ್ಸನ್ನು ಹವಾನಿಯಂತ್ರಿತವಾಗಿ ಮಾರ್ಪಡಿಸಿದ್ದ ವಾಹನವು ಹೊತ್ತಿ ಉರಿದು ಇಪ್ಪತ್ತಕ್ಕೂ ಹೆಚ್ಚು ಜೀವಗಳು ಹೋದವು. ಮಾರ್ಪಾಟಿನಲ್ಲಿ ವಿವೇಕವು ಕೈಗಿಂತ ಮುಂದೆ ನಡೆಯಬೇಕು.

ಕಾವುತಡೆಯ ವಸ್ತುವನ್ನು ಆರಿಸುವಾಗ ನಾಲ್ಕು ಪ್ರಶ್ನೆಗಳನ್ನು ಕೇಳಬೇಕು. ಮೊದಲನೆಯದು, ಅದು ತಾನೇ ಉರಿಯುವುದೇ? ಹೊರೆ ಹೊತ್ತು ಏರು ಹತ್ತುವಾಗ ಹೊಗೆಕೊಳವೆಯ ಮೂಲಭಾಗವು 500 ಡಿಗ್ರಿ ಸೆಲ್ಸಿಯಸ್‌ವರೆಗೂ ಕಾಯಬಲ್ಲುದು. ಥರ್ಮೋಕೋಲು 100 ಡಿಗ್ರಿಯ ಆಸುಪಾಸಿನಲ್ಲಿಯೇ ಮೆತ್ತಗಾಗುತ್ತದೆ. ಸಾಮಾನ್ಯ ಫೋಮು ಉರಿದು ವಿಷಹೊಗೆಯನ್ನು ಕಾರುತ್ತದೆ. ಶಿಲೆಯನ್ನು ಕರಗಿಸಿ ನೂತ ಶಿಲಾ ಉಣ್ಣೆಯ ಎಳೆಗಳಾದರೋ 1000 ಡಿಗ್ರಿಯವರೆಗೂ ಕರಗುವುದಿಲ್ಲ. ಗಾಜಿನ ಉಣ್ಣೆಯೂ ಉರಿಯದು, ಆದರೆ ಶಿಲಾ ಉಣ್ಣೆಯಷ್ಟು ಕಾವನ್ನು ತಾಳದು.

ಎರಡನೆಯದು, ಅದು ಎಣ್ಣೆಯನ್ನು ಕುಡಿಯುವುದೇ? ನಾನು ಎಡವಿದ್ದು ಇಲ್ಲಿಯೇ. ಉರಿಯದ ಉಣ್ಣೆಯೂ ಡೀಸೆಲ್ಲಿನಲ್ಲಿ ತೊಯ್ದರೆ ದೀಪದ ಬತ್ತಿಯೇ ಸರಿ. ಆದುದರಿಂದಲೇ ಬಸ್ ಕವಚಗಳಿಗೆ ಸಂಬಂಧಿಸಿದ ಭಾರತೀಯ ಸಂಹಿತೆ ಎಐಎಸ್-052, ಹೊತ್ತಿಕೊಳ್ಳುವ ಅಥವಾ ಇಂಧನ ಹೀರುವ ವಸ್ತುವನ್ನು ಅಭೇದ್ಯವಾದ ಹೊದಿಕೆಯಿಲ್ಲದೆ ಎಂಜಿನ್ ಕೋಣೆಯಲ್ಲಿ ಬಳಸಲು ಒಪ್ಪುವುದಿಲ್ಲ. ಉಣ್ಣೆಯ ಹಾಸಿಗೆ ದಪ್ಪನೆಯ ಅಲ್ಯೂಮಿನಿಯಮ್ ಹಾಳೆಯನ್ನು ಹೊದ್ದಿರಬೇಕು; ಕತ್ತರಿಸಿದ ಅಂಚುಗಳನ್ನೂ ಅಂಥದೇ ಪಟ್ಟಿಯಿಂದ ಮುಚ್ಚಬೇಕು.

ಮೂರನೆಯದು, ಅದು ಕೂರಿಸಿದಲ್ಲಿಯೇ ನಿಲ್ಲುವುದೇ? ಅಂಟು ಕಾವಿಗೆ ಸಡಿಲವಾದರೆ ಹಾಸಿಗೆ ಜೋತುಬಿದ್ದು ಹೊಗೆಕೊಳವೆಯ ಮೇಲೆಯೋ ಫ್ಯಾನಿನ ಮೇಲೆಯೋ ಬೀಳುತ್ತದೆ. ಆದುದರಿಂದ ಲೋಹದ ಮೊಳೆ-ಬಿಲ್ಲೆಗಳಿಂದ ಅದನ್ನು ಬಿಗಿಯಬೇಕು. ರೇಡಿಯೇಟರಿನ ಗಾಳಿಯ ದಾರಿಯನ್ನು ಮುಚ್ಚಬಾರದು.

ನಾಲ್ಕನೆಯದು, ಅದು ಉಸಿರಿಗೆ ಹಿತವೇ? ಹಿಂದೆ ಇಂಥಲ್ಲಿ ಕಲ್ನಾರನ್ನು ಬಳಸುತ್ತಿದ್ದರು. ಅದರ ಧೂಳು ಕ್ಯಾನ್ಸರಿಗೆ ಕಾರಣವೆಂದು ಸಿದ್ಧವಾಗಿದೆ. ಹಳೆಯ ವಾಹನದಲ್ಲಿ ಬೂದುಬಣ್ಣದ ನಾರಿನ ಹಾಳೆ ಕಂಡರೆ ಅದನ್ನು ಕೆರೆಯದೆ ಬಲ್ಲವರನ್ನು ಕರೆಯಬೇಕು. ಗಾಜಿನ ಉಣ್ಣೆಯನ್ನಾಗಲಿ ಶಿಲಾ ಉಣ್ಣೆಯನ್ನಾಗಲಿ ಕತ್ತರಿಸುವಾಗ ಕೈಗವಸು, ಮುಖಗವಸುಗಳು ಬೇಕು.

ಇಷ್ಟೆಲ್ಲ ಮಾಡಿಯೂ ಜಿನುಗುವ ಕೊಳವೆಯನ್ನು ಹಾಗೆಯೇ ಬಿಟ್ಟರೆ ರಂಧ್ರವಿರುವ ಮಡಕೆಗೆ ಹೊರಗಿನಿಂದ ಬಣ್ಣ ಬಳಿದಂತೆ. ಮೊದಲು ಎಣ್ಣೆಯ ಸೋರಿಕೆ ನಿಲ್ಲಬೇಕು, ಕೋಣೆ ತೊಳೆದು ಶುಚಿಯಾಗಬೇಕು, ಸವೆದ ವೈರುಗಳು ಬದಲಾಗಬೇಕು. ಹಾಸಿಗೆಯ ಸರದಿ ಆಮೇಲೆ. ವೈರುಗಳು ಒಳಹೊಗುವ ರಂಧ್ರಗಳನ್ನು ಬೆಂಕಿತಡೆಯ ಲೇಪದಿಂದ ಮುಚ್ಚಬೇಕು. ಚಾಲಕನ ಕೈಗೆ ಎಟಕುವಂತೆ ಅಗ್ನಿಶಾಮಕವಿರಬೇಕು. ಚಲಿಸುವ ಬಂಡಿಯಲ್ಲಿ ಅಡುಗೆಯ ಅನಿಲವನ್ನು ಹೊತ್ತಿಸುವುದಂತೂ ಸಲ್ಲದು. ವಾಹನದ ಸ್ವರೂಪವನ್ನು ಬದಲಿಸಲು 1988ರ ಮೋಟಾರು ವಾಹನ ಕಾಯ್ದೆಯ 52ನೆಯ ಕಲಮು ಕಟ್ಟಳೆಗಳನ್ನು ವಿಧಿಸಿದೆ. ಕೆಲಸ ಆರಂಭಿಸುವ ಮುನ್ನವೇ ಚಿಕ್ಕೋಡಿಯ ಸಾರಿಗೆ ಕಚೇರಿಗೆ ಹೋಗಿ ಅನುಮತಿ ಕೇಳುವುದು ಕ್ಷೇಮ.

ಇದನ್ನೆಲ್ಲ ಕೇಳಿದ ತರುಣನು, “ಖರ್ಚು ಹೆಚ್ಚಾಗತೈತ್ರಿ, ಗುರುಗಳ” ಎಂದನು. “ಹೌದಪ್ಪಾ, ಹೆಚ್ಚಾಗುತ್ತದೆ. ದಾಸೋಹಕ್ಕೆಂದು ಕೂಡಿಸಿದ ಹಣದಲ್ಲಿ ಅಕ್ಕಿ-ಬೇಳೆಗೆ ಎಷ್ಟು ಹಕ್ಕಿದೆಯೋ, ಅವನ್ನು ಒಯ್ಯುವ ಚಾಲಕನ ಪ್ರಾಣಕ್ಕೂ ಅಷ್ಟೇ ಹಕ್ಕಿದೆ” ಎಂದೆನು. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, “ಗಾದಿ ತಗದ ಬಿಡ್ತೀನ್ರಿ” ಎಂದು ಎದ್ದು ಹೋದನು.

ಬಂಧುಗಳೆ, ಮುಂದಿನ ಯಾತ್ರೆಗೆ ಹೊರಡುವ ಮುನ್ನ ತಾವೂ ಒಮ್ಮೆ ತಮ್ಮ ಬಂಡಿಯ ಬಾನೆಟ್ಟನ್ನು ತೆರೆದು ನೋಡಿರಿ. ಅಲ್ಲಿ ಅರಿವೆಯೋ ಗೋಣಿಯೋ ಇದ್ದರೆ ಇಂದೇ ತೆಗೆಯಿರಿ. ಜಂಗಮಸೇವೆಗೆ ಹೊರಟವರೆಲ್ಲರೂ ಸುಖವಾಗಿ ಮನೆಗೆ ಮರಳಲಿ.